ಡ್ರಮ್ಸ್ ಇಲ್ಲದ ‘ಹಿನ್ನೀರು’

ಆ ಭಾನುವಾರ ಮೇಷ್ಟ್ರು ಬಂದಾಗ ಅವರ ಕಣ್ಣು ಕೆಂಪಗಿತ್ತು. ಹೊಸನಗರದ ಹೊರವಲಯದಲ್ಲಿ, ವ್ಯಾಪಾರ ನಿಂತುಹೋದ ಗೊಬ್ಬರದ ಗೋದಾಮೊಂದರಲ್ಲಿ ನಮ್ಮ ರೆಕಾರ್ಡಿಂಗ್ ನಡೆಯುತ್ತಿತ್ತು. ನಾನು ಸಾಗರದಿಂದ ವ್ಯಾನಿನಲ್ಲಿ ಮೈಕು, ಕೇಬಲ್ಲು, ಮಿಕ್ಸರ್ ಎಲ್ಲ ತಂದು, ಡ್ರಮ್ಸಿಗೆ ಮೈಕು ಹಚ್ಚಿ ಮುಗಿಸಿದ್ದೆ. ಗೋಡೆಗೆ ಹಳೆ ಹಾಸಿಗೆಗಳನ್ನು ಒರಗಿಸಿದ್ದೆವು. ಎಷ್ಟು ತೊಳೆದರೂ ನೆಲದಿಂದ ಯೂರಿಯಾದ ವಾಸನೆ ಹೋಗಿರಲಿಲ್ಲ.

"ಎಂತ ಮೇಷ್ಟ್ರೆ, ನಿದ್ದೆ ಮಾಡ್ಲಿಲ್ವಾ?" ಎಂದೆ.

"ತಲೆ ಸ್ವಲ್ಪ ಭಾರ ಮಾರಾಯ. ನಿನ್ನೆ ಇಡೀ ದಿನ ಬಿಸಿಲಲ್ಲಿ ಮಕ್ಕಳ ಸ್ಪೋರ್ಟ್ಸು. ಒಂದು ಮಾತ್ರೆ ನುಂಗಿ ಬಂದೀನಿ. ಶುರು ಮಾಡಣ."

ಅವರು ಹೊಸನಗರದ ಹತ್ತಿರದ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು, ನಮ್ಮ ಬ್ಯಾಂಡಿನ ಡ್ರಮ್ಮರ್. ಗಿಟಾರ್ ನುಡಿಸಿ ಹಾಡುವವಳು ತೀರ್ಥಹಳ್ಳಿಯಲ್ಲಿ ವಕೀಲಳು. ಮೇಷ್ಟ್ರು ಅವಳನ್ನು ಲಾಯರಮ್ಮ ಎಂದು ಕರೆಯುತ್ತಿದ್ದುದರಿಂದ ನನಗೂ ಅದೇ ರೂಢಿಯಾಗಿಬಿಟ್ಟಿತ್ತು. ನಾನು ಸಾಗರದಲ್ಲಿ ಮದುವೆ, ಸಭೆ, ನಾಟಕಗಳಿಗೆ ಸೌಂಡ್ ಸಿಸ್ಟಮ್ ಕೊಡುವವನು. ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನನ್ನದು, ರೆಕಾರ್ಡಿಂಗ್ ಜವಾಬ್ದಾರಿಯೂ ನನ್ನದೇ. ಎರಡೂ ಊರಿಗೆ ಹೊಸನಗರ ನಡುವೆ ಬೀಳುವುದರಿಂದ ನಾವಿಬ್ಬರೂ ಮೇಷ್ಟ್ರ ಹತ್ತಿರ ಹೋಗುತ್ತಿದ್ದೆವು.

ನಮ್ಮದು ಎಲ್ಲರೂ ಇಷ್ಟಪಡುವ ಸಂಗೀತವಲ್ಲ. ಹೆವಿ ಸೈಕೆಡೆಲಿಕ್ ರಾಕ್ ಎನ್ನುತ್ತಾರೆ. ಗಿಟಾರಿನ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನು ತೀರ ಕೆಳಗಿಳಿಸಿ, ಅದರ ದನಿಯನ್ನು ಒರಟಾಗಿ ಒಡೆದು, ಒಂದೇ ಸಾಲನ್ನು ನಿಧಾನವಾಗಿ ಮತ್ತೆ ಮತ್ತೆ ನುಡಿಸುತ್ತ ಹೋಗುವುದು. ಕೇಳುವವರಿಗೆ ಹೊತ್ತಿನ ಲೆಕ್ಕ ತಪ್ಪಬೇಕು. ಅದು ಸಾಧ್ಯವಾಗುವುದು ಡ್ರಮ್ಮರಿನಿಂದ. ಅದೇ ಪೆಟ್ಟನ್ನು ಬೇಸರವಿಲ್ಲದೆ, ಅವಸರವಿಲ್ಲದೆ ಹಾಕುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಮೇಷ್ಟ್ರಿಗೆ ಇತ್ತು.

ಆಲ್ಬಮ್ಮಿಗೆ ನಾಲ್ಕು ಹಾಡು. ಮೂರನ್ನು ಹಿಂದಿನ ವಾರಗಳಲ್ಲಿ ಮುಗಿಸಿದ್ದೆವು. ಉಳಿದಿದ್ದುದು ‘ಹಿನ್ನೀರು’, ಎಲ್ಲಕ್ಕಿಂತ ಉದ್ದದ್ದು, ಎಲ್ಲಕ್ಕಿಂತ ಕಷ್ಟದ್ದು. ಮೊದಲ ಸಲ ನುಡಿಸಿದಾಗ ನಡುವೆ ನಾನೇ ತಪ್ಪಿದೆ. ಎರಡನೇ ಸಲ ಸರಿಯಾಗಿಯೇ ಬಂತು. ಮೇಷ್ಟ್ರು ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಹಣೆ ಒತ್ತಿಕೊಳ್ಳುತ್ತಿದ್ದರು.

"ಇನ್ನೊಂದ್ಸಲ ಮೇಷ್ಟ್ರೆ," ಎಂದಳು ಲಾಯರಮ್ಮ. "ಚೆನ್ನಾಗಿದೆ, ಆದ್ರೆ ನಾವು ಮೂರೂ ಜನ ಹುಷಾರಾಗಿ ನುಡಿಸ್ತಾ ಇದೀವಿ. ಆ ಹುಷಾರು ಕೇಳ್ತದೆ."

"ಆತು, ತಗೊ," ಎಂದು ಮೇಷ್ಟ್ರು ನೀರು ಕುಡಿದು ಕೂತರು.

ಮೂರನೇ ಸಲದ ಆ ಟೇಕನ್ನು ಹೇಗೆ ವಿವರಿಸುವುದೆಂದು ನನಗೆ ಈಗಲೂ ತಿಳಿಯದು. ಹಾಡಿನ ನಡುವೆ ಗಿಟಾರ್ ಒಂಟಿಯಾಗಿ ಅಲೆದಾಡಿ, ಮತ್ತೆ ಮುಖ್ಯ ಸಾಲಿಗೆ ಮರಳುವ ಜಾಗವೊಂದಿದೆ. ಅಲ್ಲಿಂದ ಮುಂದೆ ಮೇಷ್ಟ್ರ ಪೆಟ್ಟು ಹಿಂದೆ ಬೀಳತೊಡಗಿತು. ತಾಳ ತಪ್ಪಲಿಲ್ಲ. ನೀರಿನೊಳಗಿಂದ ಕೈ ಎತ್ತಿ ಹೊಡೆದಂತೆ ಪ್ರತಿ ಪೆಟ್ಟೂ ಕೊಂಚ ತಡವಾಗಿ, ಭಾರವಾಗಿ ಬಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅವರ ಹಿಂದೆ ಹೋದೆವು. ಬೇರೆ ದಾರಿ ಇರಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಶುರುವಾದ ವೇಗಕ್ಕೂ ಅದಕ್ಕೂ ಸಂಬಂಧವೇ ಉಳಿದಿರಲಿಲ್ಲ. ಆದರೆ ಯಾವ ಪೆಟ್ಟಿನಲ್ಲಿ ಎಷ್ಟು ನಿಧಾನವಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವಂತಿರಲಿಲ್ಲ.

ಕೊನೆಗೆ ಹೊಡೆದ ಕಂಚಿನ ಸಿಂಬಲ್ಲಿನ ಸದ್ದು ಪೂರ್ತಿ ಆರುವವರೆಗೂ ಯಾರೂ ಅಲ್ಲಾಡಲಿಲ್ಲ.

"ಸಾಕಾ ಲಾಯರಮ್ಮ?" ಎಂದು ಕೇಳಿದರು ಮೇಷ್ಟ್ರು.

"ಸಾಕು. ಇನ್ನು ಇದಕ್ಕಿಂತ ಚೆನ್ನಾಗಿ ಆಗಲ್ಲ."

ಅವರಿಗೆ ಬೈಕು ಓಡಿಸಲು ಆಗಲಿಲ್ಲ. ವ್ಯಾನಿನಲ್ಲಿ ಮನೆಗೆ ಬಿಟ್ಟೆ. ದಾರಿಯಲ್ಲಿ ಕಿಟಕಿಗೆ ತಲೆ ಒರಗಿಸಿ, ಸೊಂಟ ಮುರಿದುಹೋದ ಹಾಗೆ ನೋವು ಎಂದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ಗಂಡನ ಕಣ್ಣು ನೋಡಿದರು, ಆಮೇಲೆ ಹಣೆ ಮುಟ್ಟಿದರು. "ಯಾವಾಗಿಂದ?" ಎಂದು ಕೇಳಿದರು.

ಅದು ಬರೀ ಜ್ವರವಲ್ಲವೆಂದು ಅವರಿಗೆ ಗೊತ್ತಾಗಲು ಕಾರಣವಿತ್ತು. ಅವರು ಆಶಾ ಕಾರ್ಯಕರ್ತೆ. ಮಂಗನ ಕಾಯಿಲೆಯ ಕಾಲ ಬಂದರೆ ಕಾಡಂಚಿನ ಮನೆಮನೆಗೆ ಹೋಗಿ, ಅದನ್ನು ಹರಡುವ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಕೊಟ್ಟು, ಮಂಗ ಸತ್ತಿದ್ದು ಕಂಡರೆ ಹೇಳಿ, ಒಣ ದರಗೆಲೆಗೆಂದು ಕಾಡಿಗೆ ಹೋಗಬೇಡಿ ಎಂದು ಹೇಳುವುದು ಅವರ ಕೆಲಸ. ಹಿಂದಿನ ಭಾನುವಾರ ನಾವು ರೆಕಾರ್ಡಿಂಗಿಗೆ ರಜೆ ಮಾಡಿದ್ದೆವು. ಆ ದಿನ ಹೆಂಡತಿ ಮೀಟಿಂಗಿಗೆ ಹೋದಾಗ ಮೇಷ್ಟ್ರು ಕೊಟ್ಟಿಗೆಗೆ ಹಾಸಲು ಕಾಡಿನಿಂದ ದರಗೆಲೆ ಗುಡಿಸಿ ತಂದಿದ್ದರು. ಮನೆಯಲ್ಲೇ ಎಣ್ಣೆಯ ಬಾಟಲಿಗಳಿದ್ದವು. ಹಚ್ಚಿಕೊಂಡಿರಲಿಲ್ಲ.

ಮರುದಿನವೇ ಅವರನ್ನು ಆಸ್ಪತ್ರೆಗೆ ಸೇರಿಸಿದರು. ರಕ್ತಪರೀಕ್ಷೆಯಲ್ಲಿ ಮಂಗನ ಕಾಯಿಲೆಯೇ ಎಂದು ಬಂತು. ಒಂದಷ್ಟು ದಿನ ಇಳಿದ ಜ್ವರ ಮತ್ತೆ ಏರಿತು. ದೊಡ್ಡ ಆಸ್ಪತ್ರೆಗೆ ಒಯ್ದರು. ಡಾಕ್ಟರುಗಳು ಮಾಡುವುದನ್ನೆಲ್ಲ ಮಾಡಿದರು. ಮಾರ್ಚ್ ಮುಗಿಯುವ ಮೊದಲು ಮೇಷ್ಟ್ರು ತೀರಿಕೊಂಡರು. ಶಾಲೆಯ ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಸಾಲಾಗಿ ನಿಲ್ಲುವುದನ್ನು ಅವರಿಗೆ ಕಲಿಸಿದ್ದು ಮೇಷ್ಟ್ರೇ.

ನಾನು ಬಹಳ ದಿನ ಆ ಫೈಲುಗಳನ್ನು ತೆರೆಯಲಿಲ್ಲ. ಅದು ಮದುವೆ ಸೀಸನ್ನು, ಕೆಲಸ ಕೈತುಂಬ ಇತ್ತು. ಲಾಯರಮ್ಮನೇ ಒಂದು ದಿನ ಫೋನು ಮಾಡಿದಳು.

"ಮೂರು ಹಾಡು ಆಗೋಗಿದೆ. ಅದನ್ನ ಮುಗಿಸು. ‘ಹಿನ್ನೀರು’ ಮಾತ್ರ ನನಗೆ ಕಳಿಸ್ಬೇಡ."

"ಯಾಕೆ?"

"ಯಾಕಂದ್ರೆ ಎಂತ ಹೇಳ್ಲಿ? ಅವ್ರಿಗೆ ಜ್ವರ ಇತ್ತು. ನಾನು ಇನ್ನೊಂದ್ಸಲ ಅಂದೆ. ಆ ನಿಧಾನ ಆಗ್ತದಲ್ಲ, ಅದು ಸಂಗೀತ ಅಲ್ಲ ಮಾರಾಯ, ಜ್ವರ."

ಆ ಟೇಕ್ ಅವರನ್ನು ಕೊಂದಿಲ್ಲ, ಉಣುಗು ಕಚ್ಚಿದ್ದು ಅದಕ್ಕೂ ಮೊದಲು ಎಂದೆ. ಅದು ಅವಳಿಗೂ ಗೊತ್ತಿತ್ತು. ಕೋರ್ಟಿನಲ್ಲಿ ಇದಕ್ಕಿಂತ ಒಳ್ಳೆಯ ವಾದ ಅವಳೇ ಮಾಡಬಲ್ಲಳು.

‘ಹಿನ್ನೀರಿ’ನ ಆ ಟೇಕಿನ ಗಿಟಾರು, ಬೇಸು ಹಾಗೇ ಇಟ್ಟು ಬೇರೆ ಡ್ರಮ್ಸ್ ಹಾಕಿಸೋಣ ಎಂದು ತೀರ್ಮಾನವಾಯಿತು. ಶಿವಮೊಗ್ಗದಿಂದ ಒಬ್ಬ ಡ್ರಮ್ಮರನ್ನು ಕರೆಸಿದೆವು. ಕೈ ಬಹಳ ಶುದ್ಧ, ಮನುಷ್ಯನೂ ಒಳ್ಳೆಯವನು. ಗೋದಾಮಿನ ಮಾಡಿಗೆ ಹೊದಿಸಿದ್ದು ಜಿಂಕ್ ಶೀಟಾದ್ದರಿಂದ ಮಳೆಗಾಲ ಹಿಡಿದರೆ ಅಲ್ಲಿ ಏನೂ ರೆಕಾರ್ಡ್ ಮಾಡಲಾಗದು. ಅಷ್ಟರೊಳಗೆ ಮುಗಿಸಬೇಕೆಂದು ಮೇ ತಿಂಗಳ ಕೊನೆಯಲ್ಲಿ ಮತ್ತೆ ಅಲ್ಲಿಗೆ ಹೋದೆವು. ಮೇಷ್ಟ್ರ ಡ್ರಮ್ ಸೆಟ್ಟನ್ನು ಮುಟ್ಟಲಿಲ್ಲ. ಅವನು ತನ್ನದೇ ತಂದಿದ್ದ.

ತೊಂದರೆ ಬೇರೆ ಕಡೆಯಿಂದ ಬಂತು. ಮೇಷ್ಟ್ರಿದ್ದಾಗ ನಾವು ಮೂವರೂ ಒಂದೇ ಕೋಣೆಯಲ್ಲಿ, ಒಟ್ಟಿಗೆ ನುಡಿಸಿ ರೆಕಾರ್ಡ್ ಮಾಡಿದವರು. ಹಾಸಿಗೆ ಎಷ್ಟೇ ಒರಗಿಸಿದ್ದರೂ ಗಿಟಾರಿನ ಮೈಕಿನೊಳಗೆ ಡ್ರಮ್ಸ್ ಸೋರಿತ್ತು, ಡ್ರಮ್ಸಿನ ಮೈಕಿನೊಳಗೆ ಗಿಟಾರ್. ಮೇಷ್ಟ್ರ ಟ್ರ್ಯಾಕುಗಳನ್ನೆಲ್ಲ ಮುಚ್ಚಿ ಬರೀ ಗಿಟಾರನ್ನು ಹೆಡ್‌ಫೋನಿಗೆ ಕೊಟ್ಟರೂ, ಅದರ ಹಿಂದೆ ಮೇಷ್ಟ್ರ ಪೆಟ್ಟು ಗೋಡೆಯಾಚೆ ಯಾರೋ ಬಾಗಿಲು ಬಡಿದಂತೆ ಕೇಳುತ್ತಿತ್ತು. ಶಿವಮೊಗ್ಗದವನು ಅದರ ಜತೆ ಬಾರಿಸಬೇಕಿತ್ತು. ಎರಡು ಸಲ ಪ್ರಯತ್ನ ಮಾಡಿದ. ಮೂರನೇ ಸಲ ಹಾಡು ನಿಧಾನವಾಗುವ ಜಾಗ ಬರುತ್ತಿದ್ದಂತೆ ಕೈ ನಿಲ್ಲಿಸಿ ಹೆಡ್‌ಫೋನ್ ತೆಗೆದ.

"ಒಳಗಡೆ ಅವ್ರು ಬಾರಿಸ್ತಾ ಇದಾರೆ ಸರ್. ನಾನು ಅವ್ರ ಮೇಲೆ ಕೂತು ಬಾರ್ಸ್ದಂಗೆ ಆಗ್ತಿದೆ."

ಲಾಯರಮ್ಮ ಎದ್ದು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಮಾಡಿನ ಮೇಲೆ ಮೊದಲ ಮಳೆ ಬಿತ್ತು. ಶೀಟಿನ ಸದ್ದಿನಲ್ಲಿ ನಮ್ಮ ಮಾತೇ ನಮಗೆ ಕೇಳದಾಯಿತು. ಅಲ್ಲಿಗೆ ಆ ದಾರಿ ಮುಗಿಯಿತು.

ಮಳೆಗಾಲದಲ್ಲಿ ನನಗೆ ಬಾಡಿಗೆ ಕೆಲಸ ಕಡಿಮೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬೇರೊಂದು ಉಪಾಯ ಹಿಡಿದೆ. ಕಂಪ್ಯೂಟರಿನಲ್ಲಿ ಮೇಷ್ಟ್ರ ಒಂದೊಂದು ಪೆಟ್ಟನ್ನೂ ಕತ್ತರಿಸಿ, ಬೀಳಬೇಕಾದ ಜಾಗಕ್ಕೆ ಸರಿಸಿ, ಹಾಡನ್ನು ಆದಿಯಿಂದ ಅಂತ್ಯದವರೆಗೆ ಒಂದೇ ವೇಗಕ್ಕೆ ತರುವುದು. ಜ್ವರವನ್ನು ಹಾಡಿನಿಂದ ತೆಗೆದುಹಾಕುವುದು ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಡ್ರಮ್ಸಿನ ಪೆಟ್ಟು ಸರಿಸಿದರೆ ಅದರೊಳಗೆ ಸೋರಿದ್ದ ಗಿಟಾರೂ ಜತೆಗೆ ಸರಿಯುತ್ತಿತ್ತು. ಆಗ ಗಿಟಾರಿನ ಮೂಲ ಟ್ರ್ಯಾಕನ್ನೂ ಕತ್ತರಿಸಬೇಕು, ಆಮೇಲೆ ನನ್ನ ಬೇಸನ್ನೂ. ಕತ್ತರಿಸಿದ ಕಡೆಯೆಲ್ಲ ಸಿಂಬಲ್ಲಿನ ಸದ್ದಿನ ಬಾಲ ತುಂಡಾಗಿ ಹಲ್ಲು ಕಚ್ಚಿದಂತೆ ಕೇಳುತ್ತಿತ್ತು. ಅದಕ್ಕೆ ಬೇರೆ ಕಡೆಯಿಂದ ಸಿಂಬಲ್ಲಿನ ಸದ್ದು ತಂದು ತೇಪೆ ಹಾಕಿದೆ. ಒಂದು ಸಾಲು ಸರಿಪಡಿಸಲು ಒಂದು ಮಧ್ಯಾಹ್ನ ಹೋಗುತ್ತಿತ್ತು.

ಮುಗಿದ ಮೇಲೆ ಪೂರ್ತಿ ಕೇಳಿದೆ. ತಪ್ಪು ಒಂದೂ ಇರಲಿಲ್ಲ. ಎಲ್ಲವೂ ಇರಬೇಕಾದಲ್ಲಿ ಇತ್ತು. ಹಾಡು ಮುಂದೆ ಹೋಗುತ್ತಲೇ ಇರಲಿಲ್ಲ, ಕಾರ್ಖಾನೆಯ ಬೆಲ್ಟಿನ ಮೇಲೆ ಇಟ್ಟ ಚೀಲದಂತೆ ಸಾಗುತ್ತಿತ್ತು ಅಷ್ಟೆ. ಆಮೇಲೆ ಮೂಲ ಟೇಕನ್ನು ಹಾಕಿದೆ. ಅದು ಮುಗಿಯುವವರೆಗೂ ಕುರ್ಚಿಯಿಂದ ಏಳಲಾಗಲಿಲ್ಲ. ನಾವು ಮೂವರೂ ಸೇರಿ ಮಾಡಿದ್ದರಲ್ಲೆಲ್ಲ ಅದೇ ಶ್ರೇಷ್ಠ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಕಷ್ಟ ಅದೇ ಆಗಿತ್ತು.

ಆ ವಾರ ಯುರೋಪಿನ ಒಂದು ಪುಟ್ಟ ರೆಕಾರ್ಡ್ ಕಂಪನಿಯವನಿಗೆ ನಾಲ್ಕೂ ಹಾಡನ್ನು ಕಳಿಸಿದೆ, ‘ಹಿನ್ನೀರು’ ಮಾತ್ರ ಎರಡೂ ರೂಪದಲ್ಲಿ. ಇಂಥ ಸಂಗೀತವನ್ನೇ ಹುಡುಕಿ ಗ್ರಾಮಫೋನಿನ ಕಾಲದಂಥ ವಿನೈಲ್ ತಟ್ಟೆಯಾಗಿ ಹೊರತರುವವನು. ನಮ್ಮ ಹಿಂದಿನ ಹಾಡುಗಳನ್ನು ಕೇಳಿ ತಾನಾಗಿಯೇ ಬರೆದಿದ್ದವನು. ತಟ್ಟೆಯಾಗಿ ಬರುವುದೆಂದರೆ ನಮಗೆ ದೊಡ್ಡ ಮಾತು. ಮೇಷ್ಟ್ರು ಅದಕ್ಕಾಗಿಯೇ ಆಸೆಪಟ್ಟಿದ್ದರು. ಪ್ಲೇಯರ್ ಇಲ್ಲದಿದ್ದರೂ ಪರವಾಗಿಲ್ಲ, ಗೋಡೆಗೆ ಹಾಕ್ತೀನಿ ಎಂದಿದ್ದರು.

ವಿಡಿಯೋ ಕರೆಯಲ್ಲಿ ಅವನು ಸರಿಪಡಿಸಿದ ರೂಪದ ಬಗ್ಗೆ ಮಾತೇ ಆಡಲಿಲ್ಲ. ಇನ್ನೊಂದಿದೆಯಲ್ಲ, ಆ ಹಾಡೇ ಈ ಆಲ್ಬಮ್ ಎಂದ. ಕೊನೆಗೆ ಹಾಗೆ ನಿಧಾನವಾಗುವುದನ್ನು ಹೇಗೆ ಅಭ್ಯಾಸ ಮಾಡಿದಿರಿ ಎಂದು ಕೇಳಿದ. ಅಭ್ಯಾಸ ಮಾಡಿದ್ದಲ್ಲ ಎಂದೆ. ಏನಾಯಿತು ಎಂದು ಕೇಳಿದ. ಅವನು ಕೇಳಿದ ರೀತಿಯಲ್ಲಿ ಮರುಕ ಇತ್ತು, ನಾನು ಹೇಳಿದೆ. ಪರದೆಯ ಮೇಲೆ ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಎರಡು ದಿನ ಬಿಟ್ಟು ಪ್ರಚಾರಕ್ಕೆಂದು ಬರೆದ ಒಂದು ಪುಟ ಕಳಿಸಿದ. ಭಾರತದ ಮಳೆಕಾಡಿನ ಮಂಗನ ಜ್ವರ, ಸಾವಿನ ಅಂಚಿನಲ್ಲಿ ಕೂತು ಬಾರಿಸಿದ ಡ್ರಮ್ಮರ್, ಕೊನೆಯ ಟೇಕ್. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಓದಿದ ಮೇಲೆ ಮೈ ಮೇಲೆ ಏನೋ ಹರಿದಂತಾಗಿ ಅಂಗಡಿಯ ಶಟರ್ ಎಳೆದು ಮನೆಗೆ ಹೋದೆ.

ಆ ಪುಟವನ್ನೂ ಮೂಲ ಟೇಕನ್ನೂ ಲಾಯರಮ್ಮನಿಗೆ ಕಳಿಸಿದೆ. ಇನ್ನು ಅವಳಿಂದ ಮುಚ್ಚಿಡುವುದು ಸರಿಯಲ್ಲವೆನಿಸಿತು. ಬೇಡ ಎನ್ನುತ್ತಾಳೆಂದು ಕಾದಿದ್ದೆ. ಅವಳು ತೀರ್ಥಹಳ್ಳಿಯಿಂದ ಬಸ್ಸು ಹಿಡಿದು ಸಾಗರಕ್ಕೇ ಬಂದಳು. ಕರಿ ಕೋಟು ಇನ್ನೂ ಕೈಯಲ್ಲೇ ಇತ್ತು.

"ಹಾಕಣ," ಎಂದಳು.

"ನೀನೇ ಅಲ್ವಾ ಬೇಡ ಅಂದಿದ್ದು?"

"ಅಂದಿದ್ದೆ. ಈಗ ಪೂರ್ತಿ ಕೇಳ್ದೆ. ಅದನ್ನ ಬಿಸಾಕಿದ್ರೆ ಆ ದಿನ ಅವ್ರು ಅಷ್ಟು ನೋವಲ್ಲಿ ಕೂತು ಬಾರ್ಸಿದ್ದು ಎಂತಕ್ಕೆ? ನಾನು ಕೂರ್ಸಿದ್ದು ಎಂತಕ್ಕೆ? ಜನ ಕೇಳಿದ್ರೆ ಅದಕ್ಕೊಂದು ಅರ್ಥ ಆದ್ರೂ ಬರ್ತದೆ."

"ಆ ಪುಟ?"

"ಪುಟ ಕೆಟ್ಟದಾಗಿದೆ. ಅವನಿಗೆ ಹೇಳಿ ಬದಲಾಯಿಸಣ."

ನನಗೂ ಅದೇ ಬೇಕಾಗಿತ್ತು ಎಂಬುದನ್ನು ಇಲ್ಲಿ ಬರೆಯಲೇಬೇಕು. ಅವಳು ಹಾಕೋಣ ಎಂದ ಕೂಡಲೇ ನನ್ನ ಎದೆ ಹಗುರಾಯಿತು. ಆದರೂ ಮೇಷ್ಟ್ರ ಹೆಂಡತಿಯನ್ನು ಕೇಳದೆ ಮುಂದೆ ಹೋಗುವಂತಿರಲಿಲ್ಲ. ಅದಕ್ಕೆ ಅವಳೂ ತಕರಾರು ಮಾಡಲಿಲ್ಲ.

ನಾವು ಹೋದಾಗ ಅತ್ತಿಗೆ ಊರಿನ ಆರೋಗ್ಯ ಉಪಕೇಂದ್ರದ ಜಗಲಿಯಲ್ಲಿದ್ದರು. ನಾನು ಅವರನ್ನು ಮೊದಲಿನಿಂದ ಅತ್ತಿಗೆ ಎಂದೇ ಕರೆಯುವುದು. ಡೆಂಗ್ಯೂ ಕಾಲವಾದ್ದರಿಂದ ಬೆಳಗ್ಗೆಯಿಂದ ಮನೆಗಳ ಹಿಂದೆ ಹೋಗಿ ಟಯರು, ತೆಂಗಿನ ಚಿಪ್ಪಿನಲ್ಲಿ ನಿಂತ ನೀರು ಚೆಲ್ಲಿಸಿ ಬಂದಿದ್ದರು. ಗುಲಾಬಿ ಸೀರೆಯ ಅಂಚು ಕೆಸರಾಗಿತ್ತು. ಬೆಂಚಿನ ಮೇಲೆ ನಮ್ಮಿಬ್ಬರಿಗೂ ಜಾಗ ಮಾಡಿಕೊಟ್ಟರು.

ವಿಷಯ ಹೇಳಿದೆವು. ಹೊರದೇಶದ ಕಂಪನಿ, ತಟ್ಟೆ, ಕೊನೆಯ ಹಾಡು. ಯಾವ ದಿನ ರೆಕಾರ್ಡ್ ಆಗಿದ್ದು ಎಂಬುದನ್ನೂ ಹೇಳಿದೆವು.

"ಕೇಳ್ಬೌದಾ?" ಎಂದರು.

"ತುಂಬ ಉದ್ದ ಇದೆ ಅತ್ಗೆ. ನಿಮಗೆ ಕಷ್ಟ ಆದ್ರೆ..."

"ಹಾಕಿ."

ಹೆಡ್‌ಫೋನ್ ಕೊಟ್ಟೆ. ಅವರಿಗೆ ಈ ಸಂಗೀತ ಹಿಡಿಸುತ್ತಿರಲಿಲ್ಲ, ಅದನ್ನು ಮೇಷ್ಟ್ರೇ ನಗುತ್ತ ಹೇಳುತ್ತಿದ್ದರು. ಆದರೂ ಕಣ್ಣು ರಸ್ತೆಯ ಕಡೆ ನೆಟ್ಟು ಪೂರ್ತಿ ಕೇಳಿದರು. ಹಾಡು ಎಲ್ಲಿದೆಯೆಂದು ನಾನು ಫೋನಿನ ಪರದೆಯಲ್ಲಿ ನೋಡುತ್ತಿದ್ದೆ. ಆ ಜಾಗ ಬಂದಾಗ ಅವರು ಬೆಂಚಿನ ತುದಿಯನ್ನು ಹಿಡಿದುಕೊಂಡರು. ಮುಗಿದ ಮೇಲೂ ಸ್ವಲ್ಪ ಹೊತ್ತು ಹೆಡ್‌ಫೋನ್ ತೆಗೆಯಲಿಲ್ಲ.

"ಅವತ್ತು ಮನೆಗೆ ಬಂದು ಮೆಟ್ಲು ಹತ್ತಿದ್ದು ಹಿಂಗೇ," ಎಂದರು. "ಒಂದು ಮೆಟ್ಲು, ನಿಲ್ಲೋದು. ಒಂದು ಮೆಟ್ಲು, ನಿಲ್ಲೋದು."

ಹೆಡ್‌ಫೋನನ್ನು ನನ್ನ ಕೈಗೆ ಕೊಟ್ಟು ಕೇಳಿದರು:

"ಇದನ್ನ ಊರೋರೆಲ್ಲ ಕೇಳ್ತಾರಾ?"

"ಊರೋರು ಕೇಳೋದು ಕಡ್ಮೆ," ಎಂದಳು ಲಾಯರಮ್ಮ. "ಹೊರಗಿನೋರೇ ಜಾಸ್ತಿ. ಮತ್ತೆ ಜ್ವರದ ವಿಷ್ಯ ಎಲ್ಲೂ ಬರೆಯಲ್ಲ. ಬರೀದೇ ಇದ್ರೆ ಯಾರಿಗೂ ಗೊತ್ತಾಗಲ್ಲ ಅಕ್ಕ."

"ನಂಗೆ ಗೊತ್ತಾಗ್ತದಲ್ಲ."



"ನೋಡಿ, ನಾನು ಈ ಕೆಲ್ಸ ಬಿಡ್ಲಿಲ್ಲ," ಎಂದು ಅತ್ತಿಗೆ ಮುಂದುವರಿಸಿದರು. ದನಿ ಏರಲಿಲ್ಲ. "ಬಿಡು ಅಂತ ಎಲ್ರೂ ಅಂದ್ರು. ಮುಂದಿನ ಜನವರಿಗೆ ಮತ್ತೆ ಎಣ್ಣೆ ಬಾಟ್ಲಿ ಹಿಡ್ಕೊಂಡು ಮನೆಮನೆಗೆ ಹೋಗ್ಬೇಕು. ಕಾಡಿಗೆ ಹೋಗ್ಬೇಡಿ ಅನ್ಬೇಕು. ಬಾಗ್ಲು ತೆಗ್ದೋರು ಒಂದು ಕ್ಷಣ ನನ್ನ ಮುಖ ನೋಡ್ತಾರೆ. ಏನೂ ಅನ್ನಲ್ಲ, ಪಾಪ. ನೋಡ್ತಾರೆ ಅಷ್ಟೆ. ಅದನ್ನ ಹೆಂಗೋ ದಾಟ್ತೀನಿ. ಆದ್ರೆ ಅವ್ರಿಗೆ ಜ್ವರ ಏರ್ತಾ ಇರೋದು ಒಂದು ಹಾಡಾಗಿ ಎಲ್ಲೋ ಯಾರೋ ಚೆನ್ನಾಗಿದೆ ಅಂತ ಕೇಳ್ತಾ ಇರ್ತಾರೆ ಅಂತ ಗೊತ್ತಿದ್ದು ನಂಗೆ ಆಗಲ್ಲ."

ಲಾಯರಮ್ಮ ಅಳುತ್ತಿದ್ದಳು. "ನಾನೇ ಇನ್ನೊಂದ್ಸಲ ಬಾರ್ಸಿ ಅಂದಿದ್ದು ಅಕ್ಕ," ಎಂದಳು. ಅದನ್ನು ಅವರಿಗೆ ಹೇಳಬೇಕೆಂದು ಅವಳು ಮೊದಲೇ ಯೋಚಿಸಿಕೊಂಡು ಬಂದಿದ್ದಳೋ ಇಲ್ಲವೋ ತಿಳಿಯದು.

ಅತ್ತಿಗೆ ಅವಳ ಕಡೆ ತಿರುಗಿದರು. "ನೀನು ಅಂದ್ರೆ ಅವ್ರು ಬಾರ್ಸೋರಾ? ಆಗಲ್ಲ ಅನ್ಸಿದ್ರೆ ಎದ್ದು ಬರ್ತಿದ್ರು. ನಾನು ಕಾಡಿಗೆ ಹೋಗ್ಬೇಡಿ ಅಂತ ಎಷ್ಟು ಸಲ ಹೇಳಿದ್ನೇ, ಕೇಳಿದ್ರಾ?" ಎಂದರು. ಅವಳ ಕೈಹಿಡಿಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆದರೆ ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟರು.

ಹೊರಡುವಾಗ ನಾನು ಕೇಳಿದೆ: "ನಮ್ಮ ಹತ್ರ ಇರೋದನ್ನ ಅಳಿಸ್ಬೇಕಾ ಅತ್ಗೆ?"

"ಬ್ಯಾಡ. ನೀವು ಮೂರು ಜನ ಮಾಡಿದ್ದು. ನೀವು ಇಟ್ಕೊಳ್ಳಿ. ಬೇರೆಯೋರಿಗೆ ಬ್ಯಾಡ."

ವಾಪಸು ಬರುವಾಗ ವ್ಯಾನಿನಲ್ಲಿ ನಾವಿಬ್ಬರೂ ಜಗಳವಾಡಿದೆವು. ಅವರು ದುಃಖದಲ್ಲಿದ್ದಾರೆ, ಒಂದು ವರ್ಷ ಬಿಟ್ಟು ಮತ್ತೆ ಕೇಳೋಣ, ಅಲ್ಲಿಯವರೆಗೆ ಆಲ್ಬಮ್ ನಿಲ್ಲಿಸೋಣ ಎಂದಳು ಅವಳು. ಒಂದು ವರ್ಷ ಬಿಟ್ಟು ಕೇಳಿದರೆ ಅವರು ನಮಗೋಸ್ಕರ ಆಗಲಿ ಎನ್ನಬಹುದು, ಹಾಗೆ ಅನ್ನಿಸಿಕೊಳ್ಳುವುದಕ್ಕೆ ಕಾಯುವುದು ನನ್ನಿಂದಾಗದು ಎಂದೆ. ಮೇಷ್ಟ್ರ ಆಸೆಯೂ ಒಂದಿತ್ತಲ್ಲ, ತಟ್ಟೆ ಗೋಡೆಗೆ ಹಾಕುವ ಆಸೆ, ಅದನ್ನು ಯಾರು ಕೇಳುತ್ತಾರೆ ಎಂದಳು. ಅದು ನ್ಯಾಯವಾದ ಪ್ರಶ್ನೆ. ಮೇಷ್ಟ್ರು ಇದ್ದಿದ್ದರೆ ಏನು ಹೇಳುತ್ತಿದ್ದರೋ ನನಗೆ ಗೊತ್ತಿಲ್ಲ. ಬಹುಶಃ ಹಾಕಿ ಎನ್ನುತ್ತಿದ್ದರು. ಆದರೆ ಬೆಳಗ್ಗೆ ಎದ್ದು ಮನೆಮನೆಗೆ ಹೋಗಬೇಕಾದವರು ಅವರ ಹೆಂಡತಿ. ಇಷ್ಟನ್ನೇ ಹೇಳಿ, ಆ ಟೇಕ್ ಹೊರಗೆ ಹೋಗುವುದಿಲ್ಲ ಎಂದೆ. ಫೈಲು ನನ್ನ ಹತ್ತಿರವೇ ಇದ್ದದ್ದರಿಂದ ಆ ಮಾತಿಗೆ ಅಧಿಕಾರದ ಧಾಟಿ ಬಂತು, ಅದು ನನಗೇ ಹಿಡಿಸಲಿಲ್ಲ. ಅವಳು ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಬಾಗಿಲು ಜೋರಾಗಿ ಹಾಕಿದಳು.

ಹತ್ತು ಹದಿನೈದು ದಿನ ಮಾತಿಲ್ಲ. ಆಮೇಲೆ ಅವಳ ಒಂದು ಸಂದೇಶ ಬಂತು: "ಡ್ರಮ್ಸ್ ಇಲ್ದೆ ನುಡಿಸಣ. ಅವರ ಜಾಗ ಖಾಲಿ ಬಿಡಣ. ಆಗ್ತದಾ ನೋಡು."

ಗೋದಾಮಿನಲ್ಲಿ ಮಳೆಯ ಸದ್ದು. ಜಲವಿದ್ಯುತ್ ಯೋಜನೆಯ ಊರಾದ ಕಾರ್ಗಲ್ಲಿನಲ್ಲಿ ನನ್ನ ಸೋದರಮಾವ ನಿವೃತ್ತಿಯವರೆಗೂ ವಾಸವಾಗಿದ್ದ ಕ್ವಾರ್ಟರ್ಸ್ ಸಾಲಿನಲ್ಲಿ ಒಂದು ಹಳೆಯ ಕ್ಲಬ್ ಹಾಲ್ ಇತ್ತು. ಆರ್‌ಸಿಸಿ ಮಾಡು, ದಪ್ಪ ಗೋಡೆ. ಪರಿಚಯದವರನ್ನು ಹಿಡಿದು ಅನುಮತಿ ಪಡೆದೆ. ಸಾಮಾನು ಇಳಿಸಿ ಗಿಟಾರಿನ ಆಂಪ್ಲಿಫೈಯರ್ ಹಾಕಿದರೆ ಜೇನುಗೂಡಿನಂಥ ಗುಂಯ್ ಸದ್ದು. ಊರು ತುಂಬ ವಿದ್ಯುತ್ತಿನ ದೊಡ್ಡ ಲೈನುಗಳು. ತಂತಿಯ ಕಂಪನ ಹಿಡಿಯುವ ಅವಳ ಗಿಟಾರಿನ ಹಳೆಯ ಕಾಲದ ಪಿಕಪ್ಪು ಆ ಲೈನುಗಳ ಗುಂಯ್ ಸದ್ದನ್ನೂ ಹಿಡಿದುಕೊಳ್ಳುತ್ತಿತ್ತು. ಅರ್ತಿಂಗ್ ನೋಡಿದೆ, ಪ್ಲಗ್ಗು ಬದಲಾಯಿಸಿದೆ, ಕೇಬಲ್ಲು ಬದಲಾಯಿಸಿದೆ. ಕೊನೆಗೆ ಅವಳು ಗಿಟಾರ್ ಹಿಡಿದು ನಿಂತಲ್ಲೇ ಮೆಲ್ಲಗೆ ತಿರುಗುತ್ತ ಹೋದಳು. ಹಾಲಿನ ಒಂದು ಮೂಲೆಗೆ ಮುಖ ಮಾಡಿದಾಗ ಸದ್ದು ಬಹುಮಟ್ಟಿಗೆ ಇಳಿಯಿತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅವಳ ಪಾದದ ಸುತ್ತ ಗೆರೆ ಎಳೆದೆ. ಇಡೀ ರೆಕಾರ್ಡಿಂಗಿನಲ್ಲಿ ಅವಳು ನನಗೆ ಬೆನ್ನು ಹಾಕಿ ಗೋಡೆ ನೋಡುತ್ತ ನುಡಿಸಬೇಕಾಯಿತು.

ಅದರಿಂದ ಇನ್ನೊಂದು ಕಷ್ಟ. ಡ್ರಮ್ಸ್ ಇಲ್ಲದಾಗ ಕಣ್ಣಿನಿಂದಾದರೂ ಒಬ್ಬರನ್ನೊಬ್ಬರು ಹಿಡಿದುಕೊಳ್ಳಬೇಕು, ಅದಕ್ಕೂ ದಾರಿಯಿಲ್ಲ. ಮೊದಲು ಕಿವಿಗೆ ಕ್ಲಿಕ್ ಕೊಟ್ಟು ನೋಡಿದೆವು. ಗಡಿಯಾರದ ಟಿಕ್ ಟಿಕ್ ಇದ್ದಂತೆ, ತಾಳ ಹಿಡಿಯಲು ನೆರವಾಗುವ ಸದ್ದು. ಸರಿಯಾದ ವೇಗದಲ್ಲಿ ಇಬ್ಬರು ಅಪರಿಚಿತರು ನುಡಿಸಿದಂತಾಯಿತು. ಕ್ಲಿಕ್ ತೆಗೆದೆವು. ಆಗ ಹಾಡು ಎಲ್ಲೆಲ್ಲೋ ಹೋಯಿತು. ಕೊನೆಗೆ ನಾನು ಚಪ್ಪಲಿ ಕಳಚಿ, ಮರದ ನೆಲದ ಮೇಲೆ ಬರಿಗಾಲಲ್ಲಿ ಮೆಲ್ಲಗೆ ತಾಳ ತಟ್ಟಿದೆ. ಅದರ ಕಂಪನ ಅವಳ ಪಾದಕ್ಕೆ ಮುಟ್ಟುತ್ತಿತ್ತು. ಹಾಗೆ ಮಾಡಿ ಮಾಡಿ ಎರಡನೇ ದಿನ ಮಧ್ಯಾಹ್ನ ಒಂದು ಪೂರ್ತಿ ಟೇಕ್ ಸಿಕ್ಕಿತು. ಮೇಷ್ಟ್ರು ನಿಧಾನವಾಗಿದ್ದ ಜಾಗದಲ್ಲಿ ನಾವು ನಿಧಾನ ಮಾಡಲಿಲ್ಲ. ಅದನ್ನು ನಕಲು ಮಾಡುವುದು ಬೇಡವೆಂದು ಮೊದಲೇ ಮಾತಾಡಿಕೊಂಡಿದ್ದೆವು.

"ಇನ್ನೊಂದ್ಸಲ ನುಡಿಸಣ?" ಎಂದು ನಾನೇ ಕೇಳಿದೆ.

ಅವಳು ಗೋಡೆಯಿಂದ ಮುಖ ತಿರುಗಿಸಲಿಲ್ಲ. "ಬ್ಯಾಡ," ಎಂದಳು.

ಯುರೋಪಿನವನಿಗೆ ಬರೆದು ತಿಳಿಸಿದೆ. ಅವನ ಉತ್ತರ ಸಭ್ಯವಾಗಿತ್ತು. ನಿಮ್ಮ ನಿರ್ಧಾರವನ್ನು ಗೌರವಿಸುತ್ತೇನೆ, ಆದರೆ ಆ ಹಾಡಿಲ್ಲದೆ ಇದನ್ನು ತಟ್ಟೆಯಾಗಿ ತರುವ ಧೈರ್ಯ ನನಗಿಲ್ಲ ಎಂದ. ಅವನನ್ನು ನಾನು ದೂರಲಾರೆ. ಆಲ್ಬಮ್ಮನ್ನು ನಾವೇ ಇಂಟರ್ನೆಟ್ಟಿಗೆ ಹಾಕಿದೆವು. ಮೂರು ಹಾಡಿನ ಕೆಳಗೆ ಡ್ರಮ್ಸ್ ಎಂದು ಮೇಷ್ಟ್ರ ಹೆಸರು ಹಾಕಿದೆವು, ನಾಲ್ಕನೆಯದರ ಕೆಳಗೆ ನಮ್ಮಿಬ್ಬರದು ಮಾತ್ರ. ಅವರು ತೀರಿಕೊಂಡರೆಂದು ಒಂದು ಸಾಲು, ಹೇಗೆ ಎಂದು ಬರೆಯಲಿಲ್ಲ. ಅತ್ತಿಗೆಗೆ ಕೊಂಡಿ ಕಳಿಸಿದೆ. ಮೂರು ಹಾಡು ಕೇಳಿದೆ, ಅವರ ಶಾಲೆಯ ಗ್ರೂಪಿಗೂ ಕಳಿಸಿದೀನಿ ಎಂದು ಬರೆದರು. ನಾಲ್ಕನೆಯದರ ಬಗ್ಗೆ ಏನೂ ಹೇಳಲಿಲ್ಲ.

ಇಂಥ ಸಂಗೀತದ ಬಗ್ಗೆ ಬರೆಯುವ ಕೆಲವೇ ಜನರಿದ್ದಾರೆ. ಅವರಲ್ಲೊಬ್ಬ ನಮ್ಮ ಆಲ್ಬಮ್ಮಿನ ವಿಮರ್ಶೆ ಬರೆದ. ಮೊದಲ ಮೂರು ಹಾಡಿನ ಡ್ರಮ್ಮಿಂಗ್ ಬಗ್ಗೆಯೇ ಎರಡು ಪ್ಯಾರಾ ಇತ್ತು. ಅದನ್ನು ಮತ್ತೆ ಮತ್ತೆ ಓದಿದೆ. ಕೊನೆಯಲ್ಲಿ ಬರೆದಿದ್ದ: ‘ಹಿನ್ನೀರು’ ಈ ಆಲ್ಬಮ್ಮಿನ ದುರ್ಬಲ ಹಾಡು, ಡ್ರಮ್ಸ್ ಇಲ್ಲದೆ ಅದು ತನ್ನ ಉದ್ದವನ್ನು ತಾಳಿಕೊಳ್ಳುವುದಿಲ್ಲ, ಏಕೆ ಹೀಗೆ ಮಾಡಿದರೋ ಅರ್ಥವಾಗುವುದಿಲ್ಲ.

ಉತ್ತರ ಬರೆಯಲು ಕೂತೆ. ಅರ್ಧ ಸಾಲು ಬರೆದು ಅಳಿಸಿದೆ. ಅಷ್ಟರಲ್ಲಿ ಲಾಯರಮ್ಮನ ಫೋನು ಬಂತು.

"ಓದಿದ್ಯಾ?"

"ಓದ್ದೆ."

"ಸರಿಯಾಗೇ ಬರ್ದಿದಾನೆ."

"ಹೌದು. ಸರಿಯಾಗೇ ಬರ್ದಿದಾನೆ."

ಆಚೆ ಕಡೆ ಕೋರ್ಟಿನ ಗಲಾಟೆ ಕೇಳುತ್ತಿತ್ತು. ಯಾರೋ ಅವಳನ್ನು ಕರೆದರು, ಬಂದೆ ಎಂದಳು. ಫೋನು ಇಡಲಿಲ್ಲ.

"ಆ ಶಿವಮೊಗ್ಗದವ್ನ ನಂಬರ್ ಇದ್ಯಾ ನಿನ್ನತ್ರ?" ಎಂದು ಕೇಳಿದಳು. "ಹಳೇದು ಯಾವ್ದೂ ಬ್ಯಾಡ. ಅವ್ನಿಗೆ ಬಾರಿಸ್ಲಿಕ್ಕೆ ಒಂದು ಹೊಸ ಹಾಡು ಮಾಡಣ."

ನಂಬರ್ ಕಳಿಸಿದೆ.